ಅಂಗಾಂಗ ಕಸಿ ಆಸ್ಪತ್ರೆಯನ್ನು ಕಟ್ಟುವ ಕ್ರಮ: ಹೊರರೋಗಿ ವಿಭಾಗದಿಂದ ಹಿಂದಕ್ಕೆ

ಅಂಗಾಂಗ ಕಸಿಗೆಂದೇ ಮೀಸಲಾದ ಆಸ್ಪತ್ರೆಯೊಂದನ್ನು ತಮ್ಮ ಊರಿನಲ್ಲಿ ಕಟ್ಟಬೇಕೆಂದು ಯೋಚಿಸುವ ಟ್ರಸ್ಟಿನವರಾಗಲಿ, ವೈದ್ಯಕೀಯ ಕಾಲೇಜಿನ ನಿರ್ದೇಶಕರಾಗಲಿ ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಶಸ್ತ್ರಚಿಕಿತ್ಸಾ ಕೊಠಡಿಯ ಖರ್ಚನ್ನು. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನಮ್ಮಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡ ರೋಗಿಯೊಬ್ಬರು ಐದು ವರ್ಷಗಳ ನಂತರ ಜ್ವರವೆಂದು ಬೆಳಗಿನ ಬಸ್ಸಿನಲ್ಲಿ ಬಂದಿಳಿದರೆ, ಅವರ ರಕ್ತದಲ್ಲಿರುವ ಔಷಧದ ಮಟ್ಟವನ್ನು ಅಳೆದು, ಅದು ಸೋಂಕೋ ಅಥವಾ ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸುತ್ತಿರುವುದರ ಸೂಚನೆಯೋ ಎಂಬುದನ್ನು ಅದೇ ದಿನ ಹೇಳಬಲ್ಲವರು ನಮ್ಮಲ್ಲಿ ಇರುತ್ತಾರೆಯೇ? ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳ ಕೆಲಸ, ಅದರ ನಂತರದ ಆರೈಕೆ ರೋಗಿಯ ಉಳಿದ ಆಯುಷ್ಯದಷ್ಟು ಉದ್ದದ ಕೆಲಸ. ಆದ್ದರಿಂದ ಈ ಬರಹದಲ್ಲಿ ಆ ಕೊನೆಯಿಂದಲೇ ಆರಂಭಿಸಿ ಹಿಂದಕ್ಕೆ ಬರುತ್ತೇನೆ. ಉದಾಹರಣೆಗಳು ಹೆಚ್ಚಾಗಿ ಕರ್ನಾಟಕದವು, ಕಾನೂನು ಭಾರತದ್ದು.

ಮೊದಲು ಹೊರರೋಗಿ ವಿಭಾಗ

ಕಸಿ ಮಾಡಿಸಿಕೊಂಡವರೆಲ್ಲರೂ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ದಿನವೂ ಸೇವಿಸಬೇಕಾಗುತ್ತದೆ. ಇವುಗಳಲ್ಲಿ ಮುಖ್ಯವಾದ ಟ್ಯಾಕ್ರೊಲಿಮಸ್‌ನ ಪ್ರಮಾಣ ಸ್ವಲ್ಪ ಕಡಿಮೆಯಾದರೆ ಅಂಗವನ್ನು ದೇಹ ತಿರಸ್ಕರಿಸುತ್ತದೆ, ಸ್ವಲ್ಪ ಹೆಚ್ಚಾದರೆ ಅದೇ ಔಷಧ ಕಿಡ್ನಿಗೆ ವಿಷವಾಗುತ್ತದೆ. ಅದರ ಮಟ್ಟವನ್ನು ತಿಳಿಯಲು ಹಿಂದಿನ ರಾತ್ರಿಯ ಮಾತ್ರೆಯಾಗಿ ಹನ್ನೆರಡು ಗಂಟೆಯಾದ ಮೇಲೆ, ಬೆಳಗಿನ ಮಾತ್ರೆಯನ್ನು ನುಂಗುವ ಮೊದಲು ರಕ್ತ ತೆಗೆಯಬೇಕು. ಎಂದರೆ ದೂರದ ತಾಲ್ಲೂಕಿನಿಂದ ಬರುವ ರೋಗಿ ರಾತ್ರಿಯೆಲ್ಲ ಪ್ರಯಾಣ ಮಾಡಿ, ಮಾತ್ರೆಯನ್ನು ಕಿಸೆಯಲ್ಲಿಟ್ಟುಕೊಂಡು, ರಕ್ತ ಕೊಟ್ಟ ನಂತರವೇ ಅದನ್ನು ತೆಗೆದುಕೊಳ್ಳುತ್ತಾರೆ. ಹತ್ತು ಗಂಟೆಗೆ ಬಾಗಿಲು ತೆರೆಯುವ ಹೊರರೋಗಿ ವಿಭಾಗ ಇಂಥವರಿಗೆ ಉಪಯೋಗವಿಲ್ಲ. ರಕ್ತ ಸಂಗ್ರಹಣೆ ಬೆಳಿಗ್ಗೆ ಏಳಕ್ಕೆ ಆರಂಭವಾಗಬೇಕು, ಪರೀಕ್ಷೆ ಆಸ್ಪತ್ರೆಯೊಳಗೇ ನಡೆಯಬೇಕು, ವೈದ್ಯರು ಮಧ್ಯಾಹ್ನದ ಹೊತ್ತಿಗೆ ಫಲಿತಾಂಶವನ್ನು ನೋಡಿ ಪ್ರಮಾಣವನ್ನು ಬದಲಿಸಿ ಕಳುಹಿಸಬೇಕು.

ನಮ್ಮ ದೇಶದಲ್ಲಿ ಕ್ಷಯರೋಗ ಈ ಗುಂಪಿನವರನ್ನು ವಿಶೇಷವಾಗಿ ಕಾಡುತ್ತದೆ. ಅದಕ್ಕೆ ಕೊಡುವ ರಿಫಾಂಪಿಸಿನ್ ಟ್ಯಾಕ್ರೊಲಿಮಸ್‌ನ ಮಟ್ಟವನ್ನು ತೀವ್ರವಾಗಿ ಇಳಿಸುತ್ತದೆ, ಶಿಲೀಂಧ್ರ ಸೋಂಕಿಗೆ ಕೊಡುವ ಕೆಲವು ಮಾತ್ರೆಗಳು ಅದನ್ನು ಏರಿಸುತ್ತವೆ. ಊರಿನ ವೈದ್ಯರು ತಿಳಿಯದೆ ಇಂಥ ಔಷಧವೊಂದನ್ನು ಬರೆದುಕೊಟ್ಟು ಕಸಿ ಹಾಳಾಗುವ ಅಪಾಯ ನಿಜವಾದದ್ದು. ಹೀಗಾಗಿ ಪ್ರತಿ ರೋಗಿಗೂ ಕನ್ನಡದಲ್ಲಿ ಮುದ್ರಿಸಿದ ಚಿಕ್ಕ ಪುಸ್ತಿಕೆಯನ್ನು ಕೊಡಿ. ಅದರ ಮೊದಲ ಪುಟದಲ್ಲಿ ಯಾವ ಔಷಧವನ್ನು ನಮ್ಮನ್ನು ಕೇಳದೆ ಕೊಡಬಾರದು ಎಂಬುದು ಊರಿನ ವೈದ್ಯರಿಗೆ ಅರ್ಥವಾಗುವಂತೆಯೂ, ಹಗಲುರಾತ್ರಿ ಉತ್ತರಿಸುವ ದೂರವಾಣಿ ಸಂಖ್ಯೆ ಎಲ್ಲರಿಗೂ ಕಾಣುವಂತೆಯೂ ಇರಲಿ.

ಕಿಡ್ನಿಯಿಂದ ಆರಂಭಿಸುವುದೇಕೆ

ಎಲ್ಲ ಅಂಗಗಳ ಕಸಿಯನ್ನೂ ಒಂದೇ ಸೂರಿನಡಿ ಮೊದಲ ದಿನದಿಂದಲೇ ಮಾಡುತ್ತೇವೆಂದು ಘೋಷಿಸುವುದು ಆಕರ್ಷಕವಾಗಿ ಕಾಣುತ್ತದೆ, ಆದರೆ ನನ್ನ ದೃಷ್ಟಿಯಲ್ಲಿ ಅದು ತಪ್ಪು ಹೆಜ್ಜೆ. ಕಸಿ ಮಾಡಿದ ಕಿಡ್ನಿ ಕೆಲಸ ಮಾಡದಿದ್ದರೆ ರೋಗಿಯನ್ನು ಡಯಾಲಿಸಿಸ್‌ಗೆ ಮರಳಿಸಿ ಉಳಿಸಿಕೊಳ್ಳಬಹುದು. ಯಕೃತ್ತಿಗೆ ಅಂತಹ ಯಂತ್ರವಿಲ್ಲ. ಹೊಸ ತಂಡವೊಂದು ಕಲಿಯುವ ಕಾಲದಲ್ಲಿ ರೋಗಿಗೆ ಹಿಂತಿರುಗುವ ದಾರಿಯೊಂದು ಇರಲೇಬೇಕು. ವೈದ್ಯಕೀಯದ ಇತಿಹಾಸವೂ ಇದೇ ಕ್ರಮದಲ್ಲಿ ನಡೆದಿದೆ. 1954ರ ಡಿಸೆಂಬರ್‌ನಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಅವರು ಅವಳಿ ಸಹೋದರರ ನಡುವೆ ಮಾಡಿದ ಮೊದಲ ಯಶಸ್ವಿ ಕಸಿ ಕಿಡ್ನಿಯದು. ಭಾರತದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1971ರಲ್ಲಿ ಯಶಸ್ವಿಯಾದದ್ದೂ ಕಿಡ್ನಿ ಕಸಿಯೇ. ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರ ತಂಡ ಹೃದಯ ಕಸಿಯನ್ನು ಮಾಡಿದ್ದು 1994ರಲ್ಲಿ.

ಅಹಮದಾಬಾದಿನ ಕಿಡ್ನಿ ರೋಗಗಳ ಸಂಸ್ಥೆಯನ್ನು ಅಭ್ಯಾಸ ಮಾಡುವುದು ಒಳ್ಳೆಯದು. ಕೆನಡಾದಿಂದ 1977ರಲ್ಲಿ ಮರಳಿದ ಡಾ. ಎಚ್. ಎಲ್. ತ್ರಿವೇದಿ ಅವರು ಅಲ್ಲಿನ ಸಿವಿಲ್ ಆಸ್ಪತ್ರೆಯ ಆವರಣದಲ್ಲಿ, ಸರ್ಕಾರದ ನೆರವು ಮತ್ತು ದಾನಿಗಳ ಹಣ ಎರಡನ್ನೂ ಜೋಡಿಸಿ ಅದನ್ನು ಬೆಳೆಸಿದರು. ಕಿಡ್ನಿಯಲ್ಲಿ ಬೇರುಬಿಟ್ಟ ನಂತರ ಯಕೃತ್ತಿನ ಕಸಿಗೂ ಕೈಹಾಕಿದರು. ಬೆಂಗಳೂರಿನಲ್ಲೂ ಸರ್ಕಾರಿ ನೆಫ್ರೊ ಯೂರಾಲಜಿ ಸಂಸ್ಥೆ ಹಾಗೂ ಜೀರ್ಣಾಂಗ ವಿಜ್ಞಾನ ಮತ್ತು ಅಂಗಾಂಗ ಕಸಿ ಸಂಸ್ಥೆಗಳು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿವೆ. ದೊಡ್ಡ ಸಾರ್ವಜನಿಕ ಆಸ್ಪತ್ರೆಯ ಮಗ್ಗುಲಲ್ಲಿರುವ ಲಾಭವೇನೆಂದರೆ, ಹೃದ್ರೋಗ, ಶ್ವಾಸಕೋಶ, ಸೋಂಕುರೋಗ, ಮನೋವೈದ್ಯ ಮುಂತಾದ ವಿಭಾಗಗಳ ತಜ್ಞರು ಕರೆದ ತಕ್ಷಣ ನಡೆದುಬರುತ್ತಾರೆ. ಊರ ಹೊರಗೆ ಅಗ್ಗವಾಗಿ ಸಿಗುವ ಐದು ಎಕರೆಗಿಂತ ಇಂತಹ ಆವರಣದೊಳಗಿನ ಅರ್ಧ ಎಕರೆ ಹೆಚ್ಚು ಬೆಲೆಯುಳ್ಳದ್ದು.

ಸ್ಥಳವನ್ನು ನಿರ್ಧರಿಸುವುದು ಗಡಿಯಾರ

ದಾನಿಯ ದೇಹದಿಂದ ಹೊರತೆಗೆದು ಸಂರಕ್ಷಕ ದ್ರಾವಣದಲ್ಲಿ ಮುಳುಗಿಸಿ ಮಂಜುಗಡ್ಡೆಯ ತಂಪಿನಲ್ಲಿಟ್ಟ ಹೃದಯವನ್ನು ನಾಲ್ಕರಿಂದ ಆರು ಗಂಟೆಗಳೊಳಗೆ ಜೋಡಿಸಬೇಕು. ಯಕೃತ್ತಿಗೆ ಸುಮಾರು ಎಂಟರಿಂದ ಹನ್ನೆರಡು ಗಂಟೆ, ಕಿಡ್ನಿಗೆ ಒಂದು ದಿನ ಅಥವಾ ತುಸು ಹೆಚ್ಚು ಅವಕಾಶವಿದೆ. ಕಲಬುರಗಿಯಲ್ಲಿ ದಾನವಾದ ಕಿಡ್ನಿ ರಸ್ತೆಯಲ್ಲೇ ಬೆಂಗಳೂರನ್ನು ತಲುಪಬಹುದು, ಹೃದಯ ಹಾಗೆ ತಲುಪಲಾರದು. ಕಿಡ್ನಿ ಕಸಿ ಕೇಂದ್ರವನ್ನು ಯಾವ ವಿಭಾಗೀಯ ಕೇಂದ್ರದಲ್ಲಿ ಬೇಕಾದರೂ ಸ್ಥಾಪಿಸಬಹುದು. ಹೃದಯ ಮತ್ತು ಶ್ವಾಸಕೋಶದ ಕಸಿಯನ್ನು ಯೋಚಿಸುವವರು ಮಾತ್ರ ರಾತ್ರಿಯೂ ವಿಮಾನವಿಳಿಯುವ ನಿಲ್ದಾಣಕ್ಕೆ ಇರುವ ದಾರಿಯನ್ನೂ, ಸುತ್ತಮುತ್ತ ಅಪಘಾತದ ಗಾಯಾಳುಗಳನ್ನು ನೋಡಿಕೊಳ್ಳುವ ತೀವ್ರ ನಿಗಾ ಘಟಕಗಳು ಎಷ್ಟಿವೆ ಎಂಬುದನ್ನೂ ಲೆಕ್ಕಹಾಕಬೇಕು. ಸಂಚಾರ ಪೊಲೀಸರ ನೆರವಿನ ಗ್ರೀನ್ ಕಾರಿಡಾರ್, ಎಂದರೆ ಅಂಗವನ್ನು ಒಯ್ಯುವ ವಾಹನಕ್ಕೆ ದಾರಿ ತೆರವು ಮಾಡಿಕೊಡುವುದು, ಈಗ ರೂಢಿಯಾಗಿದೆ. 2025ರ ಆಗಸ್ಟ್‌ನಲ್ಲಿ ನಮ್ಮ ಮೆಟ್ರೊ ರೈಲಿನಲ್ಲಿ ವೈಟ್‌ಫೀಲ್ಡಿನಿಂದ ರಾಜರಾಜೇಶ್ವರಿನಗರದ ಕಡೆಗೆ ಯಕೃತ್ತೊಂದನ್ನು ಸಾಗಿಸಲಾಯಿತು. ಆಸ್ಪತ್ರೆಯ ಹಿಂಬಾಗಿಲಿನಿಂದ ಶಸ್ತ್ರಚಿಕಿತ್ಸಾ ಕೊಠಡಿಗೆ ನೇರವಾಗಿ ಹೋಗುವ, ಸಂದರ್ಶಕರ ಗುಂಪಿಗೆ ಸಿಲುಕದ ಲಿಫ್ಟ್ ಒಂದಿಲ್ಲದಿದ್ದರೆ ಇಷ್ಟೆಲ್ಲ ಉಳಿಸಿದ ನಿಮಿಷಗಳು ಅಲ್ಲಿ ನಷ್ಟವಾಗುತ್ತವೆ.

ಕಟ್ಟಡ, ನೀರು, ಗಾಳಿ, ಪ್ರಯೋಗಾಲಯ

ಜೀವಂತ ದಾನಿಯಿಂದ ಕಸಿ ಮಾಡುವಾಗ ಎರಡು ಶಸ್ತ್ರಚಿಕಿತ್ಸೆಗಳು ಜೊತೆಜೊತೆಗೆ ನಡೆಯುವುದರಿಂದ ಪಕ್ಕಪಕ್ಕದಲ್ಲಿ ಎರಡು ಕೊಠಡಿಗಳು ಬೇಕು. ರೋಗಿಗಳ ಕೊಠಡಿಗಳಿಗೆ ಅತಿಸೂಕ್ಷ್ಮ ಕಣಗಳನ್ನೂ ತಡೆಯುವ ಹೆಪಾ ಶೋಧಕದ ಮೂಲಕ ಗಾಳಿ ಬರಬೇಕು, ಬಾಗಿಲು ತೆರೆದಾಗ ಹೊರಗಿನ ಗಾಳಿ ಒಳನುಗ್ಗದಂತೆ ಒಳಗಿನ ಒತ್ತಡ ಹೆಚ್ಚಿರಬೇಕು. ಇದರ ಜೊತೆಗೆ ಹಲವರು ಮರೆಯುವ ಸಂಗತಿಯೊಂದಿದೆ. ಗೋಡೆ ಒಡೆಯುವಾಗ, ಮಣ್ಣು ಅಗೆಯುವಾಗ ಏಳುವ ಧೂಳಿನಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಬೀಜಕಣಗಳಿರುತ್ತವೆ, ಅವು ಕಸಿ ರೋಗಿಯ ಶ್ವಾಸಕೋಶಕ್ಕೆ ಮಾರಕವಾಗಬಲ್ಲವು. ಆದ್ದರಿಂದ ಮುಂದಿನ ಹತ್ತು ವರ್ಷಗಳ ವಿಸ್ತರಣೆಯ ಒರಟು ಕಾಮಗಾರಿಯನ್ನು, ಎಂದರೆ ಮೇಲಂತಸ್ತಿನ ಹೊರಗೋಡೆ, ಕೊಳವೆ ಮತ್ತು ತಂತಿಗಳ ಹಾದಿಯನ್ನು, ಮೊದಲ ರೋಗಿ ಬರುವ ಮುನ್ನವೇ ಮುಗಿಸಿಡಿ. ಹಣ ಸಾಲದಿದ್ದರೆ ಒಳಾಂಗಣ ಖಾಲಿ ಇರಲಿ.

ನೀರಿನ ಲೆಕ್ಕವನ್ನೂ ಮೊದಲೇ ಮಾಡಬೇಕು. ನಿಮಿಷಕ್ಕೆ 500 ಮಿಲಿಲೀಟರ್‌ನಂತೆ ನಾಲ್ಕು ಗಂಟೆ ನಡೆಯುವ ಒಂದು ಡಯಾಲಿಸಿಸ್‌ಗೆ 120 ಲೀಟರ್ ಅತಿಶುದ್ಧ ನೀರು ಬೇಕಾಗುತ್ತದೆ. ಆರ್‌ಒ ಘಟಕ ಹೊರಚೆಲ್ಲುವ ನೀರು ಇದಕ್ಕೆ ಹೊರತು. ಬೇಸಿಗೆಯಲ್ಲಿ ಟ್ಯಾಂಕರನ್ನೇ ನಂಬಿಕೊಂಡಿರುವ ಪಟ್ಟಣದಲ್ಲಿ ದಿನಕ್ಕೆ ನಲವತ್ತು ಡಯಾಲಿಸಿಸ್ ನಡೆಸುವ ಯೋಜನೆ ಹಾಕುವವರು ಕೊಳವೆಬಾವಿಯ ನೀರಿನ ಗುಣವನ್ನೂ ಸಂಗ್ರಹಣೆಯನ್ನೂ ಇಂಜಿನಿಯರಿಂದ ಬರಹದಲ್ಲಿ ಪಡೆಯಬೇಕು.

ಪ್ರಯೋಗಾಲಯದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾದದ್ದು: ಶಸ್ತ್ರಚಿಕಿತ್ಸಾ ಕೊಠಡಿಯ ಅಲಂಕಾರವನ್ನು ಕಡಿತಗೊಳಿಸಿಯಾದರೂ ಇದಕ್ಕೆ ಹಣ ಇಡಿ. ದಾನಿ ಮತ್ತು ರೋಗಿಯ ಅಂಗಾಂಶಗಳು ಎಷ್ಟು ಹೊಂದುತ್ತವೆ ಎಂದು ನೋಡುವ ಎಚ್‌ಎಲ್‌ಎ ಪರೀಕ್ಷೆ, ರೋಗಿಯ ರಕ್ತದಲ್ಲಿ ದಾನಿಯ ವಿರುದ್ಧ ಪ್ರತಿಕಾಯಗಳಿವೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್, ಕಸಿ ರೋಗಿಗಳನ್ನು ಕಾಡುವ ಸೈಟೊಮೆಗಾಲೊ ಮತ್ತು ಬಿಕೆ ವೈರಸ್‌ಗಳ ಪತ್ತೆ, ಬಯಾಪ್ಸಿಯನ್ನು ಅದೇ ದಿನ ಓದಬಲ್ಲ ರೋಗನಿದಾನ ತಜ್ಞರು, ಇವೆಲ್ಲ ಬೇಕು. ಮಧ್ಯರಾತ್ರಿ ದಾನಿಯೊಬ್ಬರು ಸಿಕ್ಕಾಗ ಕ್ರಾಸ್‌ಮ್ಯಾಚ್‌ಗಾಗಿ ಮಾದರಿಯನ್ನು ಬೇರೆ ನಗರಕ್ಕೆ ಕಳುಹಿಸುವ ಆಸ್ಪತ್ರೆ, ಅಂಗದ ಆಯುಷ್ಯವನ್ನು ಹೆದ್ದಾರಿಯಲ್ಲಿ ಕಳೆಯುತ್ತದೆ. ಯಕೃತ್ತಿನ ಹಂತಕ್ಕೆ ಬಂದಾಗ ರಕ್ತನಿಧಿಯ ಸಾಮರ್ಥ್ಯವೂ ಹೆಚ್ಚಬೇಕು, ಏಕೆಂದರೆ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಹಲವಾರು ಯೂನಿಟ್ ರಕ್ತ, ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್‌ಗಳು ಬೇಕಾಗಬಹುದು.

ಪರವಾನಗಿಯ ದಾರಿ

ಮಾನವ ಅಂಗಾಂಗ ಕಸಿ ಕಾಯ್ದೆ 1994ರಲ್ಲಿ ಬಂದಿತು, 2011ರಲ್ಲಿ ತಿದ್ದುಪಡಿಯಾಗಿ ಅಂಗಾಂಶಗಳನ್ನೂ ಒಳಗೊಂಡಿತು, ಅದರ ನಿಯಮಗಳು 2014ರಲ್ಲಿ ಜಾರಿಗೆ ಬಂದವು. ಕಸಿ ಕೇಂದ್ರವಾಗಿ ನೋಂದಣಿಗೆ ನಮೂನೆ 12ರಲ್ಲಿ ರಾಜ್ಯದ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು. ಪರಿಶೀಲನಾ ತಂಡ ಬಂದು ಸಿಬ್ಬಂದಿ, ಉಪಕರಣ ಮತ್ತು ದಾಖಲೆಗಳನ್ನು ನೋಡಿದ ನಂತರ ಐದು ವರ್ಷಗಳ ಅವಧಿಗೆ ಪ್ರಮಾಣಪತ್ರ ದೊರೆಯುತ್ತದೆ. ಅದು ಅಂಗವಾರು: ಕಿಡ್ನಿಗೆ ಪಡೆದ ನೋಂದಣಿಯ ಮೇಲೆ ಯಕೃತ್ತಿನ ಕಸಿ ಮಾಡುವಂತಿಲ್ಲ. ಕಸಿ ಮಾಡದೆ ದಾನಿಯಿಂದ ಅಂಗಗಳನ್ನು ಹೊರತೆಗೆಯಲು ಮಾತ್ರ ಬಯಸುವ ಆಸ್ಪತ್ರೆಗಳಿಗೆ ನಮೂನೆ 13 ಇದೆ. ಕಟ್ಟಡ ಏಳುತ್ತಿರುವಾಗಲೇ ನಿಮ್ಮ ಸುತ್ತಲಿನ ಜಿಲ್ಲಾಸ್ಪತ್ರೆ ಮತ್ತು ಖಾಸಗಿ ತೀವ್ರ ನಿಗಾ ಘಟಕಗಳನ್ನು ಆ ನೋಂದಣಿಗೆ ಪ್ರೇರೇಪಿಸಿ.

ದಾನಿಯ ಕುಟುಂಬದೊಂದಿಗೆ ಮಾತಾಡಿ ದಾನದ ಕೆಲಸಗಳನ್ನು ಹೊಂದಿಸುವ ಕಸಿ ಸಂಯೋಜಕರ ನೇಮಕವಿಲ್ಲದೆ ನೋಂದಣಿಯೇ ಸಿಗುವುದಿಲ್ಲ. ಹೀಗಾಗಿ ಅವರನ್ನು ಶಸ್ತ್ರಚಿಕಿತ್ಸಕರಿಗಿಂತ ಮೊದಲು ನೇಮಿಸಿಕೊಂಡರೂ ತಪ್ಪಿಲ್ಲ.

ಮಿದುಳು ನಿಷ್ಕ್ರಿಯತೆಯ ಘೋಷಣೆ ಮತ್ತು ಆ ಕೋಣೆಯ ಮಾತು

ಭಾರತದಲ್ಲಿ 2013ರಲ್ಲಿ 4,990 ಇದ್ದ ಕಸಿಗಳ ಸಂಖ್ಯೆ 2023ರಲ್ಲಿ 18,378ಕ್ಕೆ ಏರಿತು, ಆದರೆ ಅದರಲ್ಲಿ ಬಹುಪಾಲು ಜೀವಂತ ದಾನಿಗಳಿಂದ ಬಂದವು. ಮರಣಾನಂತರ ಅಂಗಗಳನ್ನು ಕೊಟ್ಟವರು ಕರ್ನಾಟಕದಲ್ಲಿ ಆ ವರ್ಷ 178 ಮಂದಿ. ರಸ್ತೆ ಅಪಘಾತಗಳಲ್ಲಿ ತಲೆಗೆ ಪೆಟ್ಟುಬಿದ್ದು ಸಾಯುವವರ ಸಂಖ್ಯೆಯನ್ನು ಬಲ್ಲವರಿಗೆ ಇದು ಎಷ್ಟು ಕಡಿಮೆ ಎಂಬುದು ಗೊತ್ತಾಗುತ್ತದೆ. ಕೊರತೆಯಿರುವುದು ಜನರ ಔದಾರ್ಯದಲ್ಲಿ ಎಂದು ನಾನು ನಂಬುವುದಿಲ್ಲ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ ಅವರ ಕುಟುಂಬ ಅಂಗಗಳನ್ನು ದಾನ ಮಾಡಿತು. ಹೆಸರಿಲ್ಲದ ಎಷ್ಟೋ ರೈತ ಕುಟುಂಬಗಳೂ ಹಾಗೆಯೇ ಮಾಡಿವೆ. ಕೊರತೆಯಿರುವುದು ಸಮಯಕ್ಕೆ ಸರಿಯಾಗಿ ಪರೀಕ್ಷೆ ಮಾಡಿ ಕುಟುಂಬವನ್ನು ಗೌರವದಿಂದ ಕೇಳುವ ವ್ಯವಸ್ಥೆಯಲ್ಲಿ.

ಮಿದುಳು ಮರಳಿ ಬಾರದಂತೆ ನಿಂತುಹೋಗಿದೆ ಎಂಬುದನ್ನು ಖಚಿತಪಡಿಸುವ ಆ ಪರೀಕ್ಷೆಯನ್ನು ನಾಲ್ವರು ವೈದ್ಯರ ಮಂಡಳಿ ಮಾಡುತ್ತದೆ: ಆಸ್ಪತ್ರೆಯ ಮುಖ್ಯಸ್ಥರು, ಪ್ರಾಧಿಕಾರ ಒಪ್ಪಿದ ಪಟ್ಟಿಯಿಂದ ಬರುವ ಒಬ್ಬ ತಜ್ಞರು, ನರರೋಗ ತಜ್ಞರು ಅಥವಾ ನರ ಶಸ್ತ್ರಚಿಕಿತ್ಸಕರು, ಮತ್ತು ರೋಗಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರು. ಕಸಿ ಮಾಡುವ ತಂಡದವರು ಇದರಲ್ಲಿ ಇರುವಂತಿಲ್ಲ. ಕಣ್ಣಿನ ಪಾಪೆ ಬೆಳಕಿಗೆ ಸ್ಪಂದಿಸುತ್ತದೆಯೇ, ಗಂಟಲನ್ನು ಮುಟ್ಟಿದರೆ ಕೆಮ್ಮು ಬರುತ್ತದೆಯೇ ಎಂಬುದರಿಂದ ಹಿಡಿದು, ವೆಂಟಿಲೇಟರನ್ನು ಬಿಡಿಸಿ ಆಮ್ಲಜನಕ ಕೊಡುತ್ತಾ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಉಸಿರಾಟದ ಪ್ರಯತ್ನ ಕಾಣುತ್ತದೆಯೇ ಎಂಬುದರವರೆಗೆ ಎಲ್ಲವನ್ನೂ ನೋಡಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಮತ್ತೊಮ್ಮೆ ಪರೀಕ್ಷಿಸಿ, ನಮೂನೆ 10ಕ್ಕೆ ಸಹಿ ಹಾಕುತ್ತಾರೆ. ಕುಟುಂಬದ ಒಪ್ಪಿಗೆ ನಮೂನೆ 8ರಲ್ಲಿ. ನಿಮ್ಮ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೂ ಈ ನಾಲ್ವರನ್ನು ಸೇರಿಸಲು ಸಾಧ್ಯವೇ ಎಂಬುದನ್ನು, ದಾನಿಯಿಲ್ಲದ ದಿನಗಳಲ್ಲಿ ಕರೆ ಮಾಡಿ ನೋಡಿಕೊಳ್ಳಿ.

ಸಾವನ್ನು ತಿಳಿಸುವುದೂ ದಾನವನ್ನು ಕೇಳುವುದೂ ಒಂದೇ ಉಸಿರಿನಲ್ಲಿ ಆಗಬಾರದು. ಮೊದಲು ಚಿಕಿತ್ಸೆ ನೀಡಿದ ವೈದ್ಯರು, ಎದೆ ಏರಿಳಿಯುತ್ತಿದ್ದರೂ ಅದು ಯಂತ್ರದ ಉಸಿರು, ವ್ಯಕ್ತಿ ತೀರಿಹೋಗಿದ್ದಾರೆ ಎಂಬುದನ್ನು ಕುಳಿತುಕೊಂಡು ಮನೆಯವರ ಭಾಷೆಯಲ್ಲಿ ಹೇಳಬೇಕು. ಅವರು ಅಳುವುದಕ್ಕೆ, ಊರಿಗೆ ಫೋನು ಮಾಡುವುದಕ್ಕೆ, ಹಿರಿಯರೊಬ್ಬರು ಬಂದು ಸೇರುವುದಕ್ಕೆ ಸಮಯ ಕೊಡಬೇಕು. ಆಮೇಲೆ ಸಂಯೋಜಕರು ಮಾತು ತೆಗೆಯಬೇಕು. ಆ ಮಾತಿಗೆ ಬಾಗಿಲಿರುವ, ಕುರ್ಚಿ ಮತ್ತು ನೀರು ಇರುವ ಒಂದು ಕೋಣೆ ತೀವ್ರ ನಿಗಾ ಘಟಕದ ಪಕ್ಕದಲ್ಲಿರಬೇಕು. ವಾಸ್ತುಶಿಲ್ಪಿಗೆ ಇದನ್ನು ಮೊದಲ ಸಭೆಯಲ್ಲಿಯೇ ಹೇಳಿ, ಇಲ್ಲದಿದ್ದರೆ ಅದು ಉಗ್ರಾಣವಾಗುತ್ತದೆ. ದೇಹ ವಿರೂಪವಾಗುತ್ತದೆಯೇ, ಎಷ್ಟು ಹೊತ್ತಿಗೆ ಕೊಡುತ್ತೀರಿ, ನಮಗೆ ಖರ್ಚು ಬೀಳುತ್ತದೆಯೇ ಎಂಬ ಮೂರು ಪ್ರಶ್ನೆಗಳು ಖಂಡಿತ ಬರುತ್ತವೆ. ಒಪ್ಪಿಗೆಯ ನಂತರ ದಾನಿಯ ನಿರ್ವಹಣೆಯ ವೆಚ್ಚವನ್ನು ಕುಟುಂಬದಿಂದ ಪಡೆಯುವಂತಿಲ್ಲ ಎಂಬುದು ನಿಯಮ. ಹೇಳಿದ ಹೊತ್ತಿಗೆ ದೇಹವನ್ನು ಒಪ್ಪಿಸುವುದು ನಿಮ್ಮ ಮಾತಿನ ಪ್ರಶ್ನೆ. ಅಪಘಾತದ ಪ್ರಕರಣಗಳಲ್ಲಿ ಪೊಲೀಸರ ಮಹಜರು ಮತ್ತು ಮರಣೋತ್ತರ ಪರೀಕ್ಷೆ ವಿಳಂಬಕ್ಕೆ ಕಾರಣವಾಗುವುದರಿಂದ ಠಾಣಾಧಿಕಾರಿ ಮತ್ತು ನ್ಯಾಯ ವೈದ್ಯಶಾಸ್ತ್ರ ತಜ್ಞರೊಂದಿಗೆ ಮುಂಚೆಯೇ ಒಂದು ಕ್ರಮವನ್ನು ಒಪ್ಪಿಕೊಂಡಿರಬೇಕು.

ಈ ನಡುವೆ ದಾನಿಯ ದೇಹವನ್ನು ನೋಡಿಕೊಳ್ಳುವುದು ದೊಡ್ಡ ಕೌಶಲ. ಮಿದುಳಿನ ನಿಯಂತ್ರಣ ತಪ್ಪಿದಾಗ ಮೂತ್ರ ಧಾರಾಳವಾಗಿ ಹರಿದು, ರಕ್ತದೊತ್ತಡ ಕುಸಿದು, ದೇಹ ತಣ್ಣಗಾಗುತ್ತದೆ. ದ್ರವ, ಮೂತ್ರವನ್ನು ತಗ್ಗಿಸಿ ರಕ್ತದೊತ್ತಡವನ್ನು ಏರಿಸುವ ವಾಸೊಪ್ರೆಸ್ಸಿನ್ ಮತ್ತು ಬೆಚ್ಚನೆಯ ಹೊದಿಕೆಗಳಿಂದ ಅದನ್ನು ಹಿಡಿದಿಡುವ ಶುಶ್ರೂಷಕಿಯರೇ ನಿಜವಾಗಿ ಅಂಗಗಳನ್ನು ಉಳಿಸುವವರು. ಅಂಗಗಳು ಯಾರಿಗೆ ಎಂಬುದನ್ನು ರಾಜ್ಯದ ಜೀವಸಾರ್ಥಕತೆ ಸಂಸ್ಥೆ ಕಾಯುವವರ ಪಟ್ಟಿ ಮತ್ತು ನಿಯಮಗಳಂತೆ ನಿರ್ಧರಿಸುತ್ತದೆ. ನಿಮ್ಮ ರೋಗಿಗಳ ಹೆಸರು, ರಕ್ತದ ಗುಂಪು ಮತ್ತು ಪರೀಕ್ಷಾ ವಿವರಗಳು ಆ ಪಟ್ಟಿಯಲ್ಲಿ ಸದಾ ಸರಿಯಾಗಿರುವಂತೆ ನೋಡಿಕೊಳ್ಳುವ ಹೊಣೆ ನಿಮ್ಮದು.

ಜೀವಂತ ದಾನಿಯ ಪರವಾಗಿ ಒಬ್ಬರು

ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಪತಿ ಪತ್ನಿ, ಅಜ್ಜ ಅಜ್ಜಿ, ಮೊಮ್ಮಕ್ಕಳು ಇವರನ್ನು ಕಾಯ್ದೆ ಹತ್ತಿರದ ಸಂಬಂಧಿಗಳೆಂದು ಪರಿಗಣಿಸುತ್ತದೆ. ಉಳಿದವರು ದಾನ ಮಾಡಬೇಕಾದರೆ ಅಧಿಕಾರ ನೀಡುವ ಸಮಿತಿಯ ಒಪ್ಪಿಗೆ ಬೇಕು. ವರ್ಷಕ್ಕೆ 25 ಅಥವಾ ಹೆಚ್ಚು ಕಸಿ ಮಾಡುವ ಆಸ್ಪತ್ರೆಯಲ್ಲಿಯೇ ಈ ಸಮಿತಿ ರಚನೆಯಾಗಬಹುದು. ಅಂಗಗಳ ಮಾರಾಟದಲ್ಲಿ ಭಾಗಿಯಾದವರಿಗೆ ಐದರಿಂದ ಹತ್ತು ವರ್ಷಗಳ ಸೆರೆವಾಸ ಮತ್ತು 20 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ ದಂಡವಿದೆ.

ಆದರೆ ಕಾನೂನು ಹಿಡಿಯಲಾರದ ಒತ್ತಡ ಮನೆಯೊಳಗಿನದು. ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಂಗಸರು ಹೆಚ್ಚು, ಕಸಿ ಪಡೆಯುವವರಲ್ಲಿ ಗಂಡಸರು ಹೆಚ್ಚು. ಸೊಸೆಯೋ ತಾಯಿಯೋ ಸ್ವಂತ ಮನಸ್ಸಿನಿಂದ ಬಂದಿದ್ದಾರೆಯೇ ಎಂಬುದು ಅತ್ತೆ ಮತ್ತು ಗಂಡನ ಎದುರಿನಲ್ಲಿ ಕೇಳಿದರೆ ತಿಳಿಯುವುದಿಲ್ಲ. ಕಸಿ ತಂಡಕ್ಕೆ ಸೇರದ ಒಬ್ಬ ವೈದ್ಯರು ಅಥವಾ ಸಮಾಜ ಕಾರ್ಯಕರ್ತೆ ದಾನಿಯನ್ನು ಒಬ್ಬರನ್ನೇ ಕೂರಿಸಿಕೊಂಡು ಮಾತಾಡಬೇಕು. ಆಕೆ ಬೇಡವೆಂದರೆ, ವೈದ್ಯಕೀಯವಾಗಿ ದಾನಕ್ಕೆ ಸೂಕ್ತರಲ್ಲ ಎಂದಷ್ಟೇ ಮನೆಯವರಿಗೆ ತಿಳಿಸಿ ಆಕೆಯನ್ನು ಕಾಪಾಡಬೇಕು. ದಾನ ಮಾಡಿದವರ ರಕ್ತದೊತ್ತಡ ಮತ್ತು ಮೂತ್ರದ ಪರೀಕ್ಷೆಯನ್ನು ಪ್ರತಿವರ್ಷ ಉಚಿತವಾಗಿ ಮಾಡುವುದು ಆಸ್ಪತ್ರೆಯ ಕರ್ತವ್ಯವೆಂದೇ ನಾನು ತಿಳಿಯುತ್ತೇನೆ.

ಹಣ ಮತ್ತು ಜನ

ಬಡ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಮೂಲಕ ಸರ್ಕಾರದ ನೆರವು ದೊರೆಯುತ್ತದೆ, ಅದಕ್ಕೆ ನೋಂದಾಯಿಸಿಕೊಳ್ಳುವುದು ಆರಂಭದ ಕೆಲಸಗಳಲ್ಲಿ ಒಂದಾಗಬೇಕು. ಆದರೆ ಮಾತ್ರೆಗಳ ಖರ್ಚು ಜೀವಮಾನದ್ದು. ಹಣವಿಲ್ಲದೆ ಮೂರನೆಯ ವರ್ಷದಲ್ಲಿ ಮಾತ್ರೆ ಬಿಟ್ಟ ರೋಗಿ ತಾಯಿ ಕೊಟ್ಟ ಕಿಡ್ನಿಯನ್ನು ಕಳೆದುಕೊಳ್ಳುತ್ತಾರೆ. ಹಣ ಕೊಡುವ ದಾನಿಗಳು ಕಟ್ಟಡಕ್ಕೆ ಹೆಸರಿಡಲು ಬಂದಾಗ, ಅದರ ಬದಲು ಔಷಧ ನಿಧಿಗೆ ಹೆಸರಿಡುವಂತೆ ಕೇಳಿಕೊಳ್ಳಿ. ಅಸಲನ್ನು ಮುಟ್ಟದೆ ಬಡ್ಡಿಯಿಂದ ಎಷ್ಟು ರೋಗಿಗಳಿಗೆ ಮಾತ್ರೆ ಕೊಡಬಹುದೋ ಆ ಲೆಕ್ಕವನ್ನು ಅವರ ಮುಂದಿಡಿ.

ನೆಫ್ರಾಲಜಿ (ಕಿಡ್ನಿ ರೋಗ) ತಜ್ಞರು ಮತ್ತು ಶಸ್ತ್ರಚಿಕಿತ್ಸಕರು ಕನಿಷ್ಠ ಇಬ್ಬಿಬ್ಬರು ಇರಬೇಕು, ಏಕೆಂದರೆ ಒಬ್ಬರನ್ನೇ ಆಧರಿಸಿದ ಕೇಂದ್ರ ಆ ಒಬ್ಬರು ರಜೆ ಹೋದ ದಿನ ಮುಚ್ಚಿದಂತೆಯೇ. ಇಡೀ ತಂಡ, ಎಂದರೆ ಅರಿವಳಿಕೆ ತಜ್ಞರು, ಶುಶ್ರೂಷಕಿಯರು, ಪ್ರಯೋಗಾಲಯ ತಂತ್ರಜ್ಞರೂ ಸೇರಿ, ಕಸಿಗಳು ನಿಯಮಿತವಾಗಿ ನಡೆಯುವ ಕೇಂದ್ರವೊಂದರಲ್ಲಿ ಒಟ್ಟಿಗೆ ತರಬೇತಿ ಪಡೆದು ಬರಲಿ. ಕಸಿ ವಿಭಾಗದ ಶುಶ್ರೂಷಕಿಯರನ್ನು ಮೂರು ತಿಂಗಳಿಗೊಮ್ಮೆ ಬೇರೆ ವಾರ್ಡಿಗೆ ವರ್ಗಾಯಿಸುವ ಪದ್ಧತಿಯನ್ನು ಇಲ್ಲಿ ಕೈಬಿಡಬೇಕು.

ಮೊದಲ ಶಸ್ತ್ರಚಿಕಿತ್ಸೆಗೆ ಹಬ್ಬದ ದಿನವನ್ನಾಗಲಿ ಉದ್ಘಾಟನೆಯ ದಿನವನ್ನಾಗಲಿ ಆರಿಸಬೇಡಿ. ಮುಂದಿನ ಹತ್ತು ದಿನಗಳಲ್ಲಿ ತಂಡದ ಯಾರೂ ಊರು ಬಿಡದ ವಾರದ ಸೋಮವಾರವನ್ನು ಆರಿಸಿ. ಒಡಹುಟ್ಟಿದವರ ನಡುವಿನ, ತೊಡಕುಗಳಿಲ್ಲದ ಕಿಡ್ನಿ ಕಸಿಯಾಗಿರಲಿ. ತರಬೇತಿ ನೀಡಿದ ಹಿರಿಯರು ಪಕ್ಕದಲ್ಲಿ ನಿಂತಿರಲಿ. ಆ ರೋಗಿಗೂ ಆ ದಾನಿಗೂ ಅಂದೇ ಪ್ರತ್ಯೇಕ ಪುಟಗಳನ್ನು ತೆರೆದು ಒಂದು ದಾಖಲೆ ಪುಸ್ತಕವನ್ನು ಆರಂಭಿಸಿ, ನಿಗದಿಯಾದ ದಿನ ಅವರು ಬಾರದಿದ್ದರೆ ಮರುದಿನ ಬೆಳಿಗ್ಗೆ ಫೋನು ಮಾಡಿ ವಿಚಾರಿಸುವ ಕೆಲಸವನ್ನು ಹೆಸರು ಹಿಡಿದು ಒಬ್ಬರಿಗೆ ವಹಿಸಿ.